ಮಳೆಗಾಲದಲ್ಲಿ ಮನೆ ಬಾಗಿಲ ತನಕ ಹೋಗೋ ಕಾರು: ಆಲ್ ವೀಲ್ ಡ್ರೈವ್ ತಗೊಳೋಕೆ ಮುಂಚೆ ಏನೇನು ನೋಡ್ಬೇಕು

ಮಲೆನಾಡಲ್ಲಿ ಮನೆ ಇರೋರು, ಇಲ್ಲಾಂದ್ರೆ ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಆಗಾಗ ಕೊಪ್ಪಕ್ಕೋ ಸಕಲೇಶಪುರಕ್ಕೋ ಸೋಮವಾರಪೇಟೆಗೋ ಊರಿಗೆ ಹೋಗಿ ಬರೋರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಒಂದನ್ನೇ. ಮಳೆಗಾಲದಲ್ಲಿ ಮನೆ ಅಂಗಳದ ತನಕ ಕಾರು ಹೋಗ್ಬೇಕು, ಹಂಗಂತ ಸಿಟಿಲಿ ಪಾರ್ಕ್ ಮಾಡೋಕೆ ಒದ್ದಾಡೋ ದೊಡ್ಡ ಗಾಡಿ ಬೇಡ, ಅಪ್ಪ ಅಮ್ಮ ಹತ್ತೋಕೆ ಕಷ್ಟಪಡೋ ಜೀಪೂ ಬೇಡ, ಯಾವ ಆಲ್ ವೀಲ್ ಡ್ರೈವ್ ಕಾರು, ಅಂದ್ರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗೋ ಕಾರು, ತಗೊಳ್ಳೋದು ಅಂತ. ನಾನು ಹೇಳೋದು ಇಷ್ಟೇ, ಶೋರೂಮಿಗೆ ಹೋಗೋಕೆ ಮುಂಚೆ ನಿಮ್ಮ ದಾರಿ ನೋಡಿ. ಟಾರು ರೋಡು ಮುಗಿದ ಮೇಲೆ ಮನೆ ತನಕ ಇರೋ ಆ ಕೊನೆ ಅರ್ಧ ಕಿಲೋಮೀಟ್ರು ಹೇಳುತ್ತೆ ಯಾವ ಕಾರು ಬೇಕು ಅಂತ. ಉಳಿದ ಮುನ್ನೂರು ಕಿಲೋಮೀಟ್ರಿಗೆ ಯಾವ ಕಾರಾದ್ರೂ ನಡೆಯುತ್ತೆ.

ಘಾಟಿ ಇದೆ ಅಂತ ಆಲ್ ವೀಲ್ ತಗೊಳ್ತೀನಿ ಅನ್ನೋರಿಗೆ ಒಂದು ಮಾತು. ಚಾರ್ಮಾಡಿ, ಶಿರಾಡಿ, ಆಗುಂಬೆಯ 14 ತಿರುವು, ಇವೆಲ್ಲಾ ಟಾರೋ ಕಾಂಕ್ರೀಟೋ ಹಾಕಿರೋ ರಸ್ತೆಗಳು, ಹಳೇ ಆಲ್ಟೋಗಳು ದಿನಾ ಹತ್ತಿ ಇಳೀತಾವೆ. ಅಲ್ಲಿ ಬೇಕಾಗೋದು ಒಳ್ಳೆ ಟೈರು, ಒಳ್ಳೆ ಬ್ರೇಕು, ಮಂಜಲ್ಲಿ ತಾಳ್ಮೆ.

ಮೊದಲು ಟೇಪು ಹಿಡ್ಕೊಂಡು ದಾರಿಗೆ ಇಳೀರಿ

ಜನವರಿಲಿ ಹೋಗಿ ನೋಡಿದ್ರೆ ಪ್ರಯೋಜನ ಇಲ್ಲ, ಆವಾಗ ಎಲ್ಲಾ ಕಾರೂ ಹತ್ತುತ್ತೆ. ಆರಿದ್ರಾ, ಪುನರ್ವಸು ಮಳೆ ಹೊಡೀತಿರುವಾಗ ಕೊಡೆ ಹಿಡ್ಕೊಂಡು ನಡ್ಕೊಂಡು ಹೋಗಿ. ಒಂದು ಟೇಪು, ಒಂದು ಫೋನು ಸಾಕು.

ಮೊದಲನೇದು ಏರು. ಫೋನಲ್ಲಿ ಲೆವೆಲ್ ತೋರಿಸೋ ಆ್ಯಪ್ ಇರುತ್ತಲ್ಲ, ಉದ್ದದ ಹಲಗೆ ಮೇಲೆ ಫೋನಿಟ್ಟು ಅತೀ ಕಡಿದಾದ ಜಾಗದಲ್ಲಿ ಎಷ್ಟು ಡಿಗ್ರಿ ಅಂತ ಬರ್ಕೊಳ್ಳಿ. ಅದಕ್ಕಿಂತ ಮುಖ್ಯ ಏನಂದ್ರೆ ಆ ಏರಿನ ಬುಡದಲ್ಲಿ ಏನಿದೆ ಅನ್ನೋದು. ನೇರ ದಾರಿ ಇದ್ರೆ ಸ್ವಲ್ಪ ವೇಗದಲ್ಲಿ ಬಂದು ಹತ್ತಿಸ್ಬಹುದು, ಅದೇ ಏರಿನ ಬುಡದಲ್ಲೇ ತಿರುವೋ ಗೇಟೋ ಹಳ್ಳವೋ ಇದ್ರೆ ನಿಂತಲ್ಲಿಂದಲೇ ಏರಬೇಕು, ಮುಂದಿನ ಚಕ್ರ ಮಾತ್ರ ತಿರುಗೋ ಕಾರು ಸೋಲೋದು ಇಲ್ಲೇ. ಕಾರಣ ಸರಳ. ಏರಲ್ಲಿ ಗಾಡಿ ಭಾರ ಹಿಂದಕ್ಕೆ ಹೋಗುತ್ತೆ, ಹಿಂದಿನ ಸೀಟಲ್ಲಿ ಮೂರು ಜನ ಕೂತು ಡಿಕ್ಕಿಲಿ ಅಕ್ಕಿ ಮೂಟೆ ಇಟ್ರೆ ಇನ್ನೂ ಹಿಂದಕ್ಕೆ ಹೋಗುತ್ತೆ, ಎಳೀಬೇಕಾದ ಮುಂದಿನ ಚಕ್ರ ಹಗುರ ಆಗಿ ಇದ್ದಲ್ಲೇ ಗಿರಗಿರ ತಿರುಗುತ್ತೆ. ಇದಕ್ಕೇ ನಮ್ಮ ಕಡೆ ಕೆಲವರು ಕಾರನ್ನ ರಿವರ್ಸಲ್ಲಿ ಗುಡ್ಡ ಹತ್ತಿಸೋದು, ಆವಾಗ ಇಂಜಿನ್ ಭಾರ ಇರೋ ಕಡೆ ಚಕ್ರನೇ ಕೆಳಗಡೆಯಿಂದ ತಳ್ಳುತ್ತೆ. ನಿಮ್ಮ ದಾರಿ ನೇರ ಇದ್ದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಈ ತಾಪತ್ರಯ ಅಂದ್ರೆ ರಿವರ್ಸ್ ಗೇರು ಪುಕ್ಸಟ್ಟೆ ಸಿಗೋ ಪರಿಹಾರ.

ಎರಡನೇದು ನಡುವಿನ ದಿಣ್ಣೆ. ಪಿಕಪ್ಪು, ಟ್ರ್ಯಾಕ್ಟರು ಓಡಾಡಿ ಎರಡು ಕಡೆ ಚರಂಡಿ ಥರ ಗಾಡಿ ಜಾಡು ಬಿದ್ದಿರುತ್ತೆ, ಮಧ್ಯ ಮಣ್ಣು ಎದ್ದಿರುತ್ತೆ. ಜಾಡಿನ ತಳದಿಂದ ದಿಣ್ಣೆ ತಲೆಗೆ ಎಷ್ಟು ಅಂತ ಅಳೀರಿ. ಮಾರುತಿಯ ಗ್ರ್ಯಾಂಡ್ ವಿಟಾರಾ, ಜಿಮ್ನಿ ಎರಡಕ್ಕೂ ಕಂಪನಿ ಹೇಳೋ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿ ಹೊಟ್ಟೆಗೆ ಇರೋ ಎತ್ತರ) 210 ಮಿಲಿಮೀಟ್ರು, ಅದು ಖಾಲಿ ಗಾಡಿದು, ಜನ ಲಗೇಜು ಹತ್ತಿದ ಮೇಲೆ ಇನ್ನಷ್ಟು ಕೆಳಗೆ ಬರುತ್ತೆ. ದಿಣ್ಣೆ ಎಂಟು ಇಂಚು ಇದ್ರೆ ನಾಲ್ಕಲ್ಲ ಎಂಟು ಚಕ್ರ ತಿರುಗಿದ್ರೂ ಅಷ್ಟೇ, ಹೊಟ್ಟೆ ಮೇಲೆ ಕೂತ್ಕೊಳುತ್ತೆ. ಆಲ್ ವೀಲ್ ಡ್ರೈವ್ ಹಿಡಿತ ಕೊಡುತ್ತೆ, ಎತ್ತರ ಕೊಡಲ್ಲ.

ಮೂರನೇದು ಮಣ್ಣು. ಜಂಬಿಟ್ಟಿಗೆ ಕೆಂಪು ಮಣ್ಣು ಮೇಲೆ ಜಾರುತ್ತೆ, ಕೆಳಗೆ ಗಟ್ಟಿ ಇರುತ್ತೆ, ಇಲ್ಲಿ ಆಲ್ ವೀಲ್ ನಿಜವಾಗ್ಲೂ ಕೆಲಸ ಮಾಡುತ್ತೆ. ಪಾಚಿ ಕಟ್ಟಿದ ಕಾಂಕ್ರೀಟ್ ಏರಲ್ಲೂ ಹಂಗೇ, ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ, ಆದ್ರೆ ನೆರಳು ಬೀಳೋ ತೋಟದ ದಾರಿಲಿ ಕೆಸರಿಗಿಂತ ಈ ಪಾಚಿನೇ ಜಾಸ್ತಿ ಸತಾಯಿಸೋದು. ಉತ್ತರ ಕರ್ನಾಟಕದ ಎರೆ ಮಣ್ಣಿನ ಕಥೆನೇ ಬೇರೆ. ಗದಗ, ಧಾರವಾಡ, ವಿಜಯಪುರದ ಕಡೆ ಹೊಲದ ದಾರಿಲಿ ಮಳೆ ಬಿದ್ದ ಮೇಲೆ ಆ ಮಣ್ಣು ಟೈರಿನ ಗೆರೆ ತುಂಬಿ, ಮಡ್‌ಗಾರ್ಡ್ ಒಳಗೆಲ್ಲಾ ಮೆತ್ಕೊಂಡು ಚಕ್ರನೇ ತಿರುಗದ ಹಾಗೆ ಮಾಡುತ್ತೆ. ಅಲ್ಲಿ ಟ್ರ್ಯಾಕ್ಟರೇ ಒದ್ದಾಡುತ್ತೆ, ಈ ಕಾರುಗಳ ಮೇಲೆ ಆಸೆ ಇಟ್ಕೋಬೇಡಿ, ಒಣಗೋ ತನಕ ಕಾಯೋದೇ.

ಇದೆಲ್ಲಾ ಬರ್ಕೊಂಡ ಮೇಲೆ ಒಬ್ಬ ಗಾರೆ ಮೇಸ್ತ್ರಿನ ಕರೆಸಿ. ತಮಾಷೆ ಅಲ್ಲ. ಕಷ್ಟದ ಜಾಗ ಮೂವತ್ತು ನಲವತ್ತು ಮೀಟ್ರು ಮಾತ್ರ ಆಗಿದ್ರೆ, ಎರಡು ಚಕ್ರದ ಜಾಡಿಗೆ ಮಾತ್ರ ಎರಡು ಪಟ್ಟಿ ಕಾಂಕ್ರೀಟು ಹಾಕಿ, ಮೇಲ್ಮೈನ ನುಣ್ಣಗೆ ಬಿಡದೆ ಅಡ್ಡ ಗೆರೆ ಎಳೆಸಿ, ಪಕ್ಕದಲ್ಲಿ ನೀರು ಹೋಗೋಕೆ ಕಾಲುವೆ ಮಾಡಿಸಿದ್ರೆ ಎಷ್ಟಾಗುತ್ತೆ ಅಂತ ಕೇಳಿ. ಆಮೇಲೆ ಕಾರಿನ ಲೆಕ್ಕದ ಪಕ್ಕದಲ್ಲಿ ಅದನ್ನಿಟ್ಟು ನೋಡಿ. ಕಾಂಕ್ರೀಟ್ ಆದ್ರೆ ಗ್ಯಾಸ್ ಗಾಡಿನೂ ಬರುತ್ತೆ, ಆಂಬುಲೆನ್ಸೂ ಬರುತ್ತೆ.

ಕೆಳಗೆ ಏನಿದೆ ಅಂತ ತಿಳ್ಕೊಳ್ಳಿ

ಎಸ್‌ಯುವಿ ಥರ ಕಾಣೋದೆಲ್ಲಾ ನಾಲ್ಕು ಚಕ್ರದಲ್ಲಿ ಎಳೆಯಲ್ಲ. ಕ್ರೆಟಾ, ಸೆಲ್ಟೋಸ್, ನೆಕ್ಸಾನ್, ಬ್ರೆಝಾ, ಎಲ್ಲಾ ನಮ್ಮ ದೇಶದಲ್ಲಿ ಮುಂದಿನ ಚಕ್ರದ ಗಾಡಿಗಳೇ. ನಾಲ್ಕೂ ಚಕ್ರ ಎಳೆಯೋ ಸಣ್ಣ ಗಾಡಿಗಳಲ್ಲಿ ಎರಡು ಜಾತಿ ಇದೆ, ಇವೆರಡನ್ನ ಒಂದೇ ಅಂದ್ಕೊಂಡು ದುಡ್ಡು ಹಾಕೋರು ಬೇಕಾದಷ್ಟು ಜನ ಇದಾರೆ.

ಒಂದು, ಬೇಕಾದಾಗ ಮಾತ್ರ ಹಿಂದಿನ ಚಕ್ರ ಸೇರಿಸೋ ಕಾರುಗಳು. ಗ್ರ್ಯಾಂಡ್ ವಿಟಾರಾ, ಅದರ ಟೊಯೋಟಾ ಜೋಡಿ ಹೈರೈಡರ್, 2025ರ ಸೆಪ್ಟೆಂಬರಲ್ಲಿ ಬಂದ ವಿಕ್ಟೋರಿಸ್, ಮೂರೂ ಇದೇ ಜಾತಿ. ಮಾಮೂಲಿ ಓಡಾಟದಲ್ಲಿ ಮುಂದಿನ ಚಕ್ರನೇ ಎಳೆಯೋದು, ಜಾರಿದ್ದು ಸೆನ್ಸಾರಿಗೆ ಗೊತ್ತಾದಾಗ ಒಳಗಿರೋ ಒಂದು ಕ್ಲಚ್ಚು ಒತ್ಕೊಂಡು ಉದ್ದ ಶಾಫ್ಟ್ ಮೂಲಕ ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುತ್ತೆ. ಗೇರಿನ ಹತ್ರ ಒಂದು ತಿರುಗಿಸೋ ಗುಂಡಿ ಇರುತ್ತೆ, ಆಟೋ, ಸ್ಪೋರ್ಟ್, ಸ್ನೋ, ಲಾಕ್ ಅಂತ. ನಮ್ಮಲ್ಲಿ ಸ್ನೋ ಎಲ್ಲಿಂದ ಬರ್ಬೇಕು ಅಂತ ನಗಬೇಡಿ, ಆಕ್ಸಿಲೇಟರ್ ಒತ್ತಿದ್ರೂ ಮೆತ್ತಗೆ ಎಳೆಯೋ ಮೋಡ್ ಅದು, ಜಾರೋ ಮಣ್ಣಿನ ದಾರಿಗೆ ಹೇಳಿ ಮಾಡಿಸಿದ್ದು. ಹುಗಿದುಕೊಂಡ್ರೆ ಅಥವಾ ಏರಿನ ಬುಡದಲ್ಲಿ ನಿಂತಿದ್ರೆ ಲಾಕ್. ವೇಗ ಜಾಸ್ತಿ ಆದ್ರೆ ಲಾಕ್ ತಾನಾಗೇ ಬಿಟ್ಕೊಳುತ್ತೆ. ಇದರ ಮಿತಿ ಏನಂದ್ರೆ ಲೋ ಗೇರ್, ಅಂದ್ರೆ ವೇಗ ಕಮ್ಮಿ ಮಾಡಿ ಎಳೆಯೋ ಬಲ ಜಾಸ್ತಿ ಮಾಡೋ ಬೇರೆ ಗೇರು, ಇಲ್ಲ. ಇಂಜಿನ್ 1.5 ಲೀಟರ್, ಸುಮಾರು 103 ಪಿಎಸ್, 137 ಎನ್‌ಎಂ ಟಾರ್ಕು, ತುಂಬಿದ ಗಾಡಿನ ಕಡಿದಾದ ಏರಲ್ಲಿ ನಿಧಾನಕ್ಕೆ ತೆವಳಿಸೋಕೆ ಇದು ಜಾಸ್ತಿ ಏನಲ್ಲ. ಮೊದಲು 2022ರಲ್ಲಿ ಬಂದಾಗ ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ (ಮಾರುತಿ ತನ್ನ ಆಲ್ ವೀಲಿಗೆ ಇಟ್ಟಿರೋ ಹೆಸರು) ಮ್ಯಾನುವಲ್ ಗೇರಲ್ಲಿ ಮಾತ್ರ ಸಿಗ್ತಿತ್ತು, 2025ರಿಂದ 6 ಸ್ಪೀಡ್ ಆಟೋಮ್ಯಾಟಿಕ್. ಮ್ಯಾನುವಲ್ ಹೋಯ್ತು ಅಂತ ಬೇಜಾರು ಮಾಡ್ಕೊಳೋರಿದಾರೆ, ನನ್ನ ಪ್ರಕಾರ ಈ ಕೆಲಸಕ್ಕೆ ಆಟೋಮ್ಯಾಟಿಕ್ಕೇ ವಾಸಿ, ಕ್ಲಚ್ ಪ್ಲೇಟಿನ ಬದಲು ಎಣ್ಣೆ ಮೂಲಕ ಶಕ್ತಿ ದಾಟಿಸೋ ಟಾರ್ಕ್ ಕನ್ವರ್ಟರ್ ಆಗಿರೋದ್ರಿಂದ ಏರಲ್ಲಿ ಅರ್ಧ ಕ್ಲಚ್ಚಲ್ಲಿ ನಿಂತು ಪ್ಲೇಟು ಸುಟ್ಟು ವಾಸನೆ ಬರೋ ಗೋಳಿಲ್ಲ.

ಇನ್ನೊಂದು, ಹಳೇ ಜೀಪಿನ ವಂಶದ ಫೋರ್ ಬೈ ಫೋರ್. ಜಿಮ್ನಿ, ಥಾರ್. ಲಿವರ್ ಹಾಕಿದ್ರೆ ಮುಂದೆ ಹಿಂದೆ ಎರಡೂ ಗಟ್ಟಿಯಾಗಿ ಸೇರ್ಕೊಳುತ್ತೆ, ಲೋ ಗೇರ್ ಇರುತ್ತೆ, ಆಕ್ಸಿಲೇಟರ್ ಮುಟ್ಟದೇನೇ ಏರು ಹತ್ತುತ್ತೆ, ಇಂಜಿನ್ ಬ್ರೇಕಲ್ಲೇ ಇಳಿಯುತ್ತೆ. ಆದ್ರೆ ಒಣ ಟಾರಲ್ಲಿ ಫೋರ್ ವೀಲ್ ಹಾಕಿ ಓಡಿಸೋ ಹಾಗಿಲ್ಲ. ತಿರುವಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಉರುಳ್ಬೇಕು, ಗಟ್ಟಿಯಾಗಿ ಸೇರಿಸಿದ್ದಾಗ ಅದಕ್ಕೆ ಜಾಗ ಇರಲ್ಲ, ಶಾಫ್ಟು ಗೇರುಗಳು ಬಿಗಿದುಕೊಳ್ತಾವೆ. ಅಂದ್ರೆ ಮಳೇಲಿ ನೆಂದ ಹೈವೇಲಿ ಇವು ಹಿಂದಿನ ಚಕ್ರದ ಗಾಡಿಗಳಷ್ಟೇ. ಜಿಮ್ನಿ ನಾಲ್ಕೇ ಸೀಟು, ಡಿಕ್ಕಿ 208 ಲೀಟ್ರು, ಅಜ್ಜಿ ಸೇರಿ ಐದು ಜನ ಇರೋ ಮನೆಗೆ ಅಲ್ಲಿಗೇ ಮುಗೀತು ಲೆಕ್ಕ. ಮೂರು ಬಾಗಿಲ ಥಾರಲ್ಲಿ ಹಿಂದಿನ ಸೀಟಿಗೆ ಹಿರಿಯರನ್ನ ಹತ್ತಿಸೋದು ಒಂದು ಸಾಹಸ.

ಹಂಗಾಗಿ ಲೋ ಗೇರ್ ಬೇಕೇ ಬೇಕಾದ ದಾರಿ ಇರೋರು ಜಿಮ್ನಿ, ಥಾರ್ ಕಡೆ ನೋಡಿ, ದಾರಿ ಪರವಾಗಿಲ್ಲ ಆದ್ರೆ ಮಳೇಲಿ ಜಾರುತ್ತೆ ಅಷ್ಟೇ ಅನ್ನೋರು ವಿಟಾರಾ ಜಾತಿ ನೋಡಿ. ಟಾಟಾ ಹ್ಯಾರಿಯರ್ ಇವಿಗೆ ಎರಡು ಮೋಟಾರಿನ ಮಾಡೆಲ್ ಇದೆ, ಹಿಡಿತ ಚೆನ್ನಾಗೇ ಸಿಗುತ್ತೆ, ಆದ್ರೆ ಅದು 4.6 ಮೀಟ್ರು ಉದ್ದದ ಗಾಡಿ, ತೋಟದ ಮನೇಲಿ ಮಳೆಗಾಲದ ಕರೆಂಟು ನಂಬ್ಕೊಂಡು ಚಾರ್ಜ್ ಮಾಡೋ ವಿಷಯ ಬೇರೆ.

ರೆನೋ ಡಸ್ಟರ್ ಪ್ರೇಮಿಗಳು ಕೇಳ್ತಾರೆ ಅಂತ ಹೇಳ್ಬಿಡ್ತೀನಿ. 2014ರಲ್ಲಿ ಬಂದ ಆಲ್ ವೀಲ್ ಡಸ್ಟರ್, 110 ಪಿಎಸ್ ಡೀಸೆಲ್, ತೀರಾ ಗಿಡ್ಡ ಫಸ್ಟ್ ಗೇರು, ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಕಾರು ಆಮೇಲೆ ಬಂದಿಲ್ಲ ಅಂತ ನನಗೂ ಅನ್ಸುತ್ತೆ. ಬಿಎಸ್6 ಹೊಗೆ ನಿಯಮ ಬಂದಾಗ ಆ ಡೀಸೆಲ್ ನಿಂತೋಯ್ತು. ಹಳೇದು ತಗೊಳ್ಳೋದಾದ್ರೆ ಅದು ಬೇರೇನೇ ಲೇಖನ.

ದುಡ್ಡಿನ ಲೆಕ್ಕ

ಬರೀ ಆಲ್ ವೀಲ್ ಸಾಮಾನಿಗೆ ಎಷ್ಟು ಅಂತ ಲೆಕ್ಕ ಹಾಕಿದ್ರೆ ಮೋಸ ಹೋಗ್ತೀರ. ಇದು ಬರೋದೇ ಮೇಲಿನ ವೇರಿಯಂಟಲ್ಲಿ, ಜೊತೆಗೆ ಅಗಲದ ಸನ್‌ರೂಫು, ದೊಡ್ಡ ಸ್ಕ್ರೀನು, 360 ಡಿಗ್ರಿ ಕ್ಯಾಮೆರಾ ಎಲ್ಲಾ ಕಟ್ಟಿ ಕೊಡ್ತಾರೆ, ಬೇಡ ಅಂದ್ರೆ ಬಿಡಲ್ಲ. ಹಂಗಾಗಿ ನಿಮಗೆ ಸಾಕಾಗ್ತಿದ್ದ ಮಧ್ಯದ ವೇರಿಯಂಟ್ ಒಂದು ಕಡೆ, ಆಲ್ ವೀಲ್ ಇನ್ನೊಂದು ಕಡೆ ಇಟ್ಟು ಆನ್‌ರೋಡ್ ಬೆಲೆನೇ ಹೋಲಿಸಿ. ಎಕ್ಸ್ ಶೋರೂಮ್ ನೋಡ್ಬೇಡಿ, ಯಾಕಂದ್ರೆ ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಲೈಫ್ ಟ್ಯಾಕ್ಸೇ ಶೇ 17, ಆ ಟ್ಯಾಕ್ಸಿನ ಮೇಲೆ ಮತ್ತೆ ಸೆಸ್ಸು. ಹದಿನೆಂಟೂವರೆ ಲಕ್ಷದ ಕಾರಂದ್ರೆ ಆರ್‌ಟಿಓಗೇ ಮೂರೂವರೆ ಲಕ್ಷದ ಹತ್ರ ಹೋಗುತ್ತೆ. 2025ರ ಸೆಪ್ಟೆಂಬರಲ್ಲಿ ಜಿಎಸ್‌ಟಿ ಇಳೀತಲ್ಲ ಅಂತೀರಾ, ಶೇ 18 ಆಗಿದ್ದು ನಾಲ್ಕು ಮೀಟ್ರೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತೆ 1500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೆ. ಜಿಮ್ನಿ ಗಿಡ್ಡ ಇದ್ರೂ ಇಂಜಿನ್ 1462 ಸಿಸಿ, ಹಂಗಾಗಿ ವಿಟಾರಾ ಥರನೇ ಅದಕ್ಕೂ ಶೇ 40.

ಪೆಟ್ರೋಲಿಂದು ದೊಡ್ಡ ವ್ಯತ್ಯಾಸ ಅಲ್ಲ. ವಿಕ್ಟೋರಿಸ್ ಆಟೋಮ್ಯಾಟಿಕ್ಕಿಗೆ ಕಂಪನಿ ಹೇಳೋದು ಲೀಟ್ರಿಗೆ 21.06, ಅದೇ ಆಲ್ ವೀಲಿಗೆ 19.07. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟ್ರು ಓಡಿಸಿದ್ರೆ ಅರವತ್ತು ಲೀಟ್ರು ಜಾಸ್ತಿ, ಅಂದ್ರೆ ಆರು ಸಾವಿರ ರೂಪಾಯಿ ಚಿಲ್ಲರೆ. ಘಾಟಿಲಿ ಸಿಟಿಲಿ ಎರಡೂ ಇದಕ್ಕಿಂತ ಕಮ್ಮಿನೇ ಕೊಡೋದು, ಅದು ಎಲ್ರಿಗೂ ಗೊತ್ತಿರೋದೇ. ನಿಜವಾದ ಆಯ್ಕೆ ಇರೋದು ಹೈಬ್ರಿಡ್, ಅಂದ್ರೆ ಪೆಟ್ರೋಲ್ ಇಂಜಿನ್ನಿಗೆ ಬ್ಯಾಟರಿ ಮೋಟಾರೂ ಸೇರಿರೋ ಕಾರಿನ ಜೊತೆ. ಅದೇ ವಿಕ್ಟೋರಿಸ್ ಸ್ಟ್ರಾಂಗ್ ಹೈಬ್ರಿಡ್ಡಿಗೆ 28.65 ಹೇಳ್ತಾರೆ, ಬೆಲೆನೂ ಹತ್ತಿರ ಹತ್ತಿರನೇ, ಆದ್ರೆ ಅದರಲ್ಲಿ ಆಲ್ ವೀಲ್ ಇಲ್ಲ. ಸಿಎನ್‌ಜಿಲೂ ಇಲ್ಲ. ವಾರಪೂರ್ತಿ ಬೆಂಗಳೂರಿನ ಟ್ರಾಫಿಕ್ಕು, ವರ್ಷಕ್ಕೆ ಎರಡು ಸಲ ಊರು ಅನ್ನೋರು ಹೈಬ್ರಿಡ್ ತಗೊಂಡು ಮಳೇಲಿ ಕಾರನ್ನ ರಸ್ತೆ ಬದಿ ನೆಂಟ್ರ ಮನೇಲಿ ನಿಲ್ಸಿ ನಡ್ಕೊಂಡು ಹೋಗೋದೇ ಲಾಭ. ಊರಲ್ಲೇ ಇರೋರು ಬೇರೆ.

ಟೆಸ್ಟ್ ಡ್ರೈವ್

ಇಲ್ಲೇ ಜಾಸ್ತಿ ಹಠ ಮಾಡ್ಬೇಕಾಗಿರೋದು. ಎಷ್ಟೋ ಶೋರೂಮಲ್ಲಿ ಆಲ್ ವೀಲ್ ಡೆಮೋ ಗಾಡಿನೇ ಇರಲ್ಲ, ಮಾಮೂಲಿ ಗಾಡಿ ತಂದು "ಸರ್ ಸೇಮ್ ಗಾಡಿ, ಅದೊಂದು ಬಟನ್ ಎಕ್ಸ್‌ಟ್ರಾ ಅಷ್ಟೇ" ಅಂತಾರೆ. ಒಪ್ಪಬೇಡಿ. ಚಿಕ್ಕಮಗಳೂರು, ಹಾಸನ, ಮಡಿಕೇರಿ, ಶಿವಮೊಗ್ಗದ ಕಡೆ ಶೋರೂಮಲ್ಲಿ ಕೇಳಿ ನೋಡಿ, ಬೆಂಗಳೂರಿಗಿಂತ ಅಲ್ಲಿ ಸಿಗೋ ಸಾಧ್ಯತೆ ಜಾಸ್ತಿ, ಮನೆ ತನಕ ತರ್ಸೋಕೂ ಅದೇ ಹತ್ರ. ಡೆಮೋ ಇಲ್ವೇ ಇಲ್ಲ ಅಂದ್ರೆ ಆ ಕಾರು ತಗೊಂಡಿರೋರ ನಂಬರ್ ಕೊಡಿಸಿ ಅನ್ನಿ, ಅವರಿಗೊಂದು ಫೋನ್ ಮಾಡಿದ್ರೆ ಒಂದು ಗಂಟೆ ಮಾತಾಡ್ತಾರೆ, ಕಾರು ಇರೋರಿಗೆ ಅದರ ಬಗ್ಗೆ ಮಾತಾಡೋದಂದ್ರೆ ಅಷ್ಟು ಖುಷಿ.

ಗಾಡಿ ಬಂದ ಮೇಲೆ ಒಬ್ರೇ ಹತ್ತಬೇಡಿ. ಮನೆಯವರನ್ನೆಲ್ಲಾ ಕೂರಿಸಿ, ಡಿಕ್ಕಿಗೆ ಏನಾದ್ರೂ ಭಾರ ಹಾಕಿ. ಏರಿನ ಮಧ್ಯ ಪೂರ್ತಿ ನಿಲ್ಸಿ, ಅಲ್ಲಿಂದ ಮತ್ತೆ ಹೊರಡಿ, ಮೊದಲು ಆಟೋದಲ್ಲಿ, ಆಮೇಲೆ ಲಾಕಲ್ಲಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ. ಆಮೇಲೆ ಒಂದು ಕಡೆ ಮುಂದಿನ ಚಕ್ರ, ಇನ್ನೊಂದು ಕಡೆ ಹಿಂದಿನ ಚಕ್ರ ಗುಂಡಿಗೆ ಇಳಿಯೋ ಜಾಗ ನೋಡಿ ನಿಧಾನ ದಾಟ್ಸಿ. ಎರಡು ಚಕ್ರ ಗಾಳೀಲಿ ತಿರುಗುತ್ತೆ, ಕಾರು ಮುಂದೆ ಹೋಗಲ್ಲ, ಹೆಚ್ಚಿನವರು ಹೆದರ್ಕೊಂಡು ಕಾಲು ತೆಗೀತಾರೆ. ತೆಗೀಬೇಡಿ, ಹದವಾಗಿ ಒತ್ತಿ ಹಿಡೀರಿ, ತಿರುಗ್ತಿರೋ ಚಕ್ರಕ್ಕೆ ಕಾರೇ ಬ್ರೇಕ್ ಹಾಕಿ ನೆಲ ಮುಟ್ಟಿರೋ ಚಕ್ರಕ್ಕೆ ಶಕ್ತಿ ಕಳಿಸೋಕೆ ಒಂದೆರಡು ಕ್ಷಣ ಬೇಕು. ಕರಕರ ಸದ್ದು ಬರುತ್ತೆ, ಅದು ಬ್ರೇಕಿನ ಸದ್ದು, ಗಾಬರಿ ಬೇಡ. ಆದ್ರೆ ಆಳದ ಕೆಸರಲ್ಲಿ ಹತ್ತು ನಿಮಿಷ ಹಂಗೇ ಗುಂಯ್‌ಗುಡಿಸ್ತಾ ಕೂತ್ರೆ ಒಳಗಿನ ಕ್ಲಚ್ಚು ಬಿಸಿಯಾಗಿ ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋದೇ ನಿಂತೋಗುತ್ತೆ, ತಣ್ಣಗಾಗೋ ತನಕ ಕಾಯ್ಬೇಕು.

ಇಳಿಯೋದನ್ನೂ ನೋಡಿ. ಇಳಿಜಾರಲ್ಲಿ ವೇಗ ತಾನಾಗೇ ಹಿಡಿದಿಡೋ ಹಿಲ್ ಡಿಸೆಂಟ್ ಬಟನ್ ಒತ್ತಿ ಕಾಲು ತೆಗೆದು ಇಳಿಸಿ. ಅದು ಬ್ರೇಕಿಂದಲೇ ಕೆಲಸ ಮಾಡೋದು, ಹಂಗಾಗಿ ಟೈರಿಗೆ ಹಿಡಿತ ಇದ್ರೆ ಮಾತ್ರ. ಆಲ್ ವೀಲ್ ಇದೆ ಅಂತ ಬ್ರೇಕು ಬೇಗ ಹಿಡಿಯಲ್ಲ, ಹತ್ತಿಸಿದ ಧೈರ್ಯದಲ್ಲಿ ಇಳಿಸೋಕೆ ಹೋಗಿ ಧರೆಗೆ ಗುದ್ದಿಸಿದ ಕಾರುಗಳು ಪ್ರತೀ ಮಳೆಗಾಲ ಕಾಣ್ತಾವೆ.

ನೀರಿನ ವಿಷಯಕ್ಕೂ ಆಲ್ ವೀಲಿಗೂ ಸಂಬಂಧನೇ ಇಲ್ಲ. ಥಾರಿಗೆ ಕಂಪನಿ 650 ಮಿಲಿಮೀಟ್ರು ನೀರಲ್ಲಿ ಹೋಗ್ಬಹುದು ಅನ್ನುತ್ತೆ, ಉಳಿದ ಕಾರುಗಳ ಬಾನೆಟ್ ತೆಗೆಸಿ ಗಾಳಿ ಎಳ್ಕೊಳೋ ಬಾಯಿ ಎಲ್ಲಿದೆ ಅಂತ ಕಣ್ಣಾರೆ ನೋಡ್ಕೊಳ್ಳಿ. ಹರಿಯೋ ಹಳ್ಳ, ತುಂಬಿದ ಅಂಡರ್‌ಪಾಸ್ ಎರಡಕ್ಕೂ ಇಳೀಬೇಡಿ, 2023ರ ಮೇನಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರು ಮುಳುಗಿ ಒಬ್ಬ ಯುವತಿ ಜೀವನೇ ಹೋಯ್ತು.

ಟೈರು ಮತ್ತೆ ಸರ್ವಿಸ್ಸು

ಮೇಲೆ ಹೇಳಿದ್ದೆಲ್ಲಾ ಕೊನೆಗೆ ನೆಲ ಮುಟ್ಟೋದು ಟೈರಲ್ಲಿ. ಸವೆದ ಟೈರಿನ ಆಲ್ ವೀಲ್ ಕಾರಿಗಿಂತ ಒಳ್ಳೆ ಟೈರಿನ ಮಾಮೂಲಿ ಕಾರು ಎಷ್ಟೋ ಮೇಲು, ಬ್ರೇಕಿಗಂತೂ ಇನ್ನೂ. ವಿಟಾರಾಗೆ ಬರೋದು 215/60 ಆರ್17, ಟಾರಿಗೆ ಮಾಡಿರೋ ಟೈರು, ಕೆಸರಲ್ಲಿ ಅದರ ಗೆರೆ ಬೇಗ ತುಂಬ್ಕೊಳುತ್ತೆ. ಇದೇ ಸೈಜಲ್ಲಿ ಸ್ವಲ್ಪ ಒರಟು ಗೆರೆಯ ಆಲ್ ಟೆರೇನ್ ಟೈರು ನಿಮ್ಮೂರಿನ ಅಂಗಡೀಲಿ ಸಿಗುತ್ತಾ ಅಂತ ಕಾರು ಬುಕ್ ಮಾಡೋಕೆ ಮುಂಚೆನೇ ವಿಚಾರಿಸಿ. ನಮ್ಮ ಕಡೆ ಜೀಪಿನೋರು ಮಳೆಗಾಲಕ್ಕೆ ಚೈನ್ ಕಟ್ತಾರಲ್ಲ, ಅದನ್ನ ಈ ಕಾರುಗಳಿಗೆ ಕಟ್ಟೋಕೆ ಹೋಗ್ಬೇಡಿ, ಟೈರಿಗೂ ಮಡ್‌ಗಾರ್ಡಿಗೂ ಮಧ್ಯ ಜಾಗ ಸಾಲಲ್ಲ. ಅದರ ಬದಲು ಒಂದು 12 ವೋಲ್ಟಿನ ಗಾಳಿ ಪಂಪು ಇಟ್ಕೊಳ್ಳಿ, ಕೆಸರಿಗೆ ಇಳಿಯೋಕೆ ಮುಂಚೆ ಏಳೆಂಟು ಪಾಯಿಂಟ್ ಗಾಳಿ ಕಮ್ಮಿ ಮಾಡಿ, ಟಾರಿಗೆ ಬಂದ ತಕ್ಷಣ ತುಂಬ್ಸಿ.

ಆಲ್ ವೀಲ್ ಕಾರಲ್ಲಿ ನಾಲ್ಕೂ ಟೈರು ಒಂದೇ ಕಂಪನಿ, ಒಂದೇ ಸೈಜು, ಹೆಚ್ಚುಕಮ್ಮಿ ಒಂದೇ ಸವೆತ ಇರ್ಬೇಕು. ಒಂದು ಟೈರು ಒಡೆದು ಅದೊಂದೇ ಹೊಸದು ಹಾಕಿದ್ರೆ ಅದರ ಸುತ್ತಳತೆ ಬೇರೆ ಆಗುತ್ತೆ, ಕಾರಿಗೆ ಯಾವಾಗ್ಲೂ ಏನೋ ಜಾರ್ತಿದೆ ಅನ್ನೋ ಭ್ರಮೆ, ಒಳಗಿನ ಕ್ಲಚ್ಚು ಸುಮ್ನೆ ಸವೀತಾ ಹೋಗುತ್ತೆ. ಇದಕ್ಕೇ ಸ್ಟೆಪ್ನಿ ಯಾವ ಸೈಜು ಅಂತ ಶೋರೂಮಲ್ಲೇ ಡಿಕ್ಕಿ ತೆಗೆಸಿ ಓದಿ, ಸಣ್ಣದಿದ್ರೆ ಪಂಕ್ಚರ್ ಅಂಗಡಿ ತನಕ ಹೋಗೋಕೆ ಮಾತ್ರ ಅದು. ಕೆಟ್ಟು ನಿಂತ್ರೆ ಎರಡು ಚಕ್ರ ಎತ್ತಿ ಎಳ್ಕೊಂಡು ಹೋಗೋ ಟೋಯಿಂಗ್ ಗಾಡಿ ಆಗಲ್ಲ, ನಾಲ್ಕೂ ಚಕ್ರ ಮೇಲೆ ಹತ್ತಿಸೋ ಫ್ಲಾಟ್‌ಬೆಡ್ಡೇ ಬೇಕು, ಇನ್ಶೂರೆನ್ಸಿನ ರೋಡ್‌ಸೈಡ್ ಅಸಿಸ್ಟೆನ್ಸಲ್ಲಿ ಅದು ನಿಮ್ಮ ಊರಿನ ತನಕ ಬರುತ್ತಾ ಅಂತ ಕೇಳಿ.

ಸೇಲ್ಸಿನವರ ಹತ್ರ ಕೇಳೋದು ಮುಗಿದ ಮೇಲೆ ಹಿಂದ್ಗಡೆ ವರ್ಕ್‌ಶಾಪಿಗೆ ಹೋಗಿ ಸರ್ವಿಸ್ ಅಡ್ವೈಸರ್ ಹತ್ರ ಮಾತಾಡಿ. ಈ ಮಾಡೆಲಿನ ಆಲ್ ವೀಲ್ ಗಾಡಿ ಎಷ್ಟು ಬರ್ತಾವೆ, ಟ್ರಾನ್ಸ್‌ಫರ್ (ಹಿಂದಕ್ಕೆ ಶಕ್ತಿ ಕಳಿಸೋ ಗೇರು) ಮತ್ತೆ ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚೋ ಗೇರು) ಆಯಿಲ್ ಎಷ್ಟು ಕಿಲೋಮೀಟ್ರಿಗೆ ಬದಲಾಯಿಸ್ತೀರ, ಕೆಳಗೆ ಕಲ್ಲು ಬಡಿದು ಆ ಡಿಫರೆನ್ಷಿಯಲ್ಲಿನ ಹೊರಕವಚ, ಅಂದ್ರೆ ಹಿಂದಿನ ಹೌಸಿಂಗ್, ಒಡೆದ್ರೆ ಸಾಮಾನು ಬರೋಕೆ ಎಷ್ಟು ದಿನ ಅಂತ. ಅವರು ತಡವರಿಸಿದ್ರೆ ಆ ಊರಲ್ಲಿ ಆ ಗಾಡಿ ಓಡ್ತಿಲ್ಲ ಅಂತ ಅರ್ಥ, ಇನ್ನೊಂದು ಶೋರೂಮಲ್ಲಿ ವಿಚಾರಿಸಿ.

ಡೆಲಿವರಿ ದಿನ ಹೂವು, ರಿಬ್ಬನ್ನು, ಫೋಟೋ ಎಲ್ಲಾ ಆಮೇಲೆ. ಮೊದಲು ಗಾಡಿನ ಲಿಫ್ಟ್ ಮೇಲೆ ಎತ್ತಿಸಿ, ಹಿಂದಿನ ಚಕ್ರಕ್ಕೆ ಹೋಗೋ ಉದ್ದ ಶಾಫ್ಟು, ಹಿಂದಿನ ಹೌಸಿಂಗ್ ಕಣ್ಣಲ್ಲಿ ನೋಡಿ, ಎಣ್ಣೆ ಜಿನುಗಿದ ಗುರುತು ಇದೆಯಾ ಅಂತ ಬೆರಳಾಡಿಸಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ, ನಾಲ್ಕೂ ಟೈರಲ್ಲಿ ಹತ್ತಿರ ಹತ್ತಿರ ಇರ್ಬೇಕು. ಮೋಡ್ ಗುಂಡಿನ ಎಲ್ಲಾ ಕಡೆ ತಿರುಗಿಸಿ ಮೀಟರಲ್ಲಿ ಹೆಸರು ಬದಲಾಗುತ್ತಾ ನೋಡಿ. ಬಿಲ್ಲಲ್ಲಿ, ಇನ್‌ಶೂರೆನ್ಸಲ್ಲಿ ವೇರಿಯಂಟ್ ಹೆಸರು ಆಲ್ ವೀಲಿಂದೇ ಇದೆಯಾ ಅಂತ ಅಕ್ಷರ ಅಕ್ಷರ ಓದಿ ಸಹಿ ಹಾಕಿ, ಇಲ್ಲಾಂದ್ರೆ ನಾಳೆ ಕ್ಲೇಮಿಗೆ ಹೋದಾಗ ಹಿಂದಿನ ಹೌಸಿಂಗ್ ನಿಮ್ಮ ಗಾಡೀಲಿ ಇಲ್ವಲ್ಲ ಅಂತ ಅವರು, ಇದೆಯಲ್ಲ ಅಂತ ನೀವು.